ಬಲಗೆನ್ನೆ ಕಪ್ಪಾದ ಊರು

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ಡೋಣಿ ನದಿಯ ದಂಡೆಯ ಮೇಲಿನ ತಗಡಿನ ಶೆಡ್ಡಿನಲ್ಲಿ, ಎಂಜಿನಿಯರ್ ಬಸಂತರಾಯರು ನಿಷತಳ ಕೈಗೆ ಒಂದು ಖಾಲಿ ಬಾಟಲಿ ಕೊಟ್ಟರು.

"ಶನಿವಾರ ಸಂಜಿ ಐದರೊಳಗ ಇದನ್ನ ತುಂಬಿಸಿ ತರ್ರಿ, ಮೇಡಂ. ಸಿಹಿನೀರು ಇರಬೇಕು, ಆ ಕೆಸರಿನೊಳಗಿಂದನ ಬಂದಿರಬೇಕು. ತಂದ್ರ ಹೂಳು ಸುರಿಯೋ ಜಾಗಾ ಬದಲಿ ಮಾಡ್ತೇನಿ. ತರಲಿಲ್ಲಂದ್ರ ಸೋಮವಾರ ಮಷಿನ್ ಬರ್ತಾವು. ಆಮ್ಯಾಲೆ ನನ್ನ ಕೈಯಾಗ ಏನೂ ಇರೂದಿಲ್ಲ."

ಹೆಸರು ಡೋಣಿಯಾದರೂ ಅದರಲ್ಲಿ ದೋಣಿ ನಡೆದದ್ದನ್ನು ಕಂಡವರಿಲ್ಲ. ಬೇಸಿಗೆಯಲ್ಲಿ ಅದು ಕರಿನೆಲದ ಮೇಲೆ ಎಳೆದ ಒಂದು ಬಿಳಿ ಉಪ್ಪಿನ ಗೆರೆ. ಮಳೆಗಾಲದಲ್ಲಿ ಗೆರೆ ದಾಟಿ ಬರುವ ಭೂತ. ನೀರು ಬಾಯಿಗಿಟ್ಟರೆ ಉಪ್ಪು. ಹೂವಿನ ಹಿಪ್ಪರಗಿಯಿಂದ ಆಚೆ, ಈ ನದಿಯ ದಕ್ಷಿಣ ದಂಡೆಯ ಸವಳಿನಲ್ಲಿ, ಅಂದರೆ ಉಪ್ಪೇರಿದ ನೆಲದಲ್ಲಿ, ಸವಳಹಟ್ಟಿ ಎಂಬ ಅರವತ್ತು ಮನೆಯ ಊರು. ಅಲ್ಲಿ ಕೊರೆದ ನಾಲ್ಕು ಬೋರುಗಳೂ ಉಪ್ಪಾಗಿದ್ದವು. ಎರಡು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಊರನ್ನೇ ಎತ್ತಿ ಹೆದ್ದಾರಿಯ ಪಕ್ಕ ಇಡೋಣ ಎಂಬ ಮಾತು ಎರಡು ವರ್ಷದಿಂದ ನಡೆದಿತ್ತು.

ಊರಿನ ಉತ್ತರಕ್ಕೆ, ನದಿಯ ಒಡಲಿಗೆ ಸೇರಿದಂತೆ, ಮೂರು ಕಿಲೋಮೀಟರ್ ಉದ್ದದ ಕೆಸರುಬಯಲು. ಅದರೊಳಗೆ ಎಲ್ಲೋ ಒಂದು ಸಿಹಿನೀರಿನ ಸೆಲೆ ಇತ್ತಂತೆ. ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಈಗ ನದಿಯ ಹೂಳೆತ್ತುವ ಕೆಲಸ ಶುರುವಾಗಲಿತ್ತು, ಎತ್ತಿದ ಹೂಳನ್ನು ಸುರಿಯಲು ಗೊತ್ತು ಮಾಡಿದ ಜಾಗ ಅದೇ ಬಯಲು. ಒಮ್ಮೆ ಗುಡ್ಡದಷ್ಟು ಮಣ್ಣು ಬಿದ್ದರೆ ಸೆಲೆಯೂ ಮುಗಿಯಿತು, ಸವಳಹಟ್ಟಿ ಅಲ್ಲೇ ಇರಬೇಕೆಂಬ ವಾದವೂ ಮುಗಿಯಿತು.

ನಿಷತ ಹುಟ್ಟಿದ್ದು ಆ ಊರಲ್ಲಿ. ಈಗ ಸಿಂದಗಿಯ ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತಾಳೆ. ನಕ್ಷೆಯಲ್ಲಿ ಪ್ರಪಂಚವನ್ನೆಲ್ಲ ತೋರಿಸುವವಳಿಗೆ ತನ್ನೂರ ನೀರು ತೋರಿಸಲಾಗದ ಸಂಕಟ. ಅವಳ ಕೈಯಲ್ಲಿ ಇದ್ದ ಆಧಾರ ಒಂದೇ: ಮುಂಬೈಯ ಹಳೆಯ ದಫ್ತರಖಾನೆಯಿಂದ ತರಿಸಿದ ಇಪ್ಪತ್ತೆರಡು ಜೆರಾಕ್ಸ್ ಪುಟ. ನೂರೆಪ್ಪತ್ತು ವರ್ಷದ ಹಿಂದೆ ಭೀಮೆಯಿಂದ ಕೃಷ್ಣೆಯವರೆಗೆ ನೆಲ ಅಳೆಯುತ್ತ ಬಂದ ಒಬ್ಬ ಸಾಹೇಬನ ಪ್ರವಾಸದ ಬರಹ. ಅವನ ಹೆಸರಿದ್ದ ಮೂಲೆಯಲ್ಲಿ ಗೆದ್ದಲು ಊಟ ಮಾಡಿತ್ತು. ನಕ್ಷೆಗಳಿದ್ದ ಪುಟಗಳು ಅದೇ ಗೆದ್ದಲಿಗೆ ಪಲ್ಯವಾಗಿದ್ದವು. ಉಳಿದದ್ದು ಸಾಹೇಬ ಜನರ ಬಗ್ಗೆ ಬರೆದದ್ದಷ್ಟೇ. ಮೂಗು, ಕೆನ್ನೆ, ಮಾತು, ನಡಿಗೆ.

ಅದರಲ್ಲಿ ಒಂದು ಪುಟ ಸವಳಹಟ್ಟಿಯದೇ ಎಂದು ನಿಷತಳಿಗೆ ಖಾತ್ರಿಯಿತ್ತು. "ಉಪ್ಪು ನದಿಯ ದಂಡೆಯ ಈ ಜನ ಇಡೀ ಜಾತಿಗೇ ಕುಂಟರು," ಎಂದು ಸಾಹೇಬ ಬರೆದಿದ್ದ. "ಎಡಮೊಣಕಾಲನ್ನು ಕೊಕ್ಕರೆಯಂತೆ ಎತ್ತುತ್ತಾರೆ, ಬಲಗಾಲನ್ನು ಎಳೆಯುತ್ತಾರೆ, ಮೂರು ಹೆಜ್ಜೆಗೊಮ್ಮೆ ಏಡಿಯಂತೆ ಅಡ್ಡಕ್ಕೆ ತಿರುಗುತ್ತಾರೆ. ಎಲ್ಲರಿಗೂ ಬಲಗೆನ್ನೆ ಎಡಗೆನ್ನೆಗಿಂತ ಕಪ್ಪು. ರಕ್ತದಲ್ಲೇ ಏನೋ ದೋಷವಿರಬೇಕು. ಕುಡಿಯಲು ನೀರು ಕೇಳಿದೆ. ಈ ಕುಂಟರೇ ಕೆಸರಿನ ನಡುವೆ ಹೋಗಿ ಮಲೆನಾಡಿನ ತೊರೆಯಷ್ಟು ಸಿಹಿಯಾದ ನೀರು ತಂದರು. ನಾನು ಕುಡಿದೆ. ಹೋಗಿ ನೋಡಲಿಲ್ಲ."

ಹೋಗಿ ನೋಡಿದ್ದರೆ ಈ ಕತೆ ಇಲ್ಲೇ ಮುಗಿಯುತ್ತಿತ್ತು.

ತಂಡದಲ್ಲಿ ನಿಷತಳೂ ಸೇರಿ ಮೂವರು. ಎರಡನೆಯವನು ತಬ್ರೇಜ, ಅವಳ ಚಿಕ್ಕಪ್ಪನ ಮಗ. ನಿಡಗುಂದಿ ಕಡೆಗೆ ಗೂಡ್ಸ್ ಗಾಡಿ ಹೊಡೆಯುತ್ತಾನೆ. ಹೊಟ್ಟೆಪಾಡಿಗೆ ಗಾಡಿ, ಹೊಟ್ಟೆ ಹುಣ್ಣಾಗಿಸಲು ಅಣಕು. ಯಾರನ್ನಾದರೂ ಹತ್ತು ಹೆಜ್ಜೆ ನೋಡಿದರೆ ಸಾಕು, ಹನ್ನೊಂದನೆಯ ಹೆಜ್ಜೆ ಅವನೇ ಇಡುತ್ತಿದ್ದ. ಮೂರನೆಯವನು ಮುದ್ದೇಬಿಹಾಳದ ಕಲ್ಲುಕುಟಿಗ ಸಿದ್ದಾರೂಢ. ಹಳೆಯ ಬಾವಿಗಳಿಗೆ ಕಲ್ಲು ಕಟ್ಟುವುದರಲ್ಲಿ ಅವನದು ಎತ್ತಿದ ಕೈ, ಮಾತಿನಲ್ಲಿ ಮುಚ್ಚಿದ ಬಾಯಿ. ಆ ಕಲ್ಲುಸೀಮೆಯವರ ಬಗ್ಗೆಯೂ ಸಾಹೇಬ ಬರೆದಿದ್ದ: "ಇವರ ಮಾತು ಒಡೆದ ಕಲ್ಲಿನ ಚೂರಿನಂತೆ, ಸಣ್ಣದು, ಮೂಲೆಯುಳ್ಳದ್ದು." ನಿಷತ ಅದನ್ನು ಓದಿ ಹೇಳಿದಾಗ ಸಿದ್ದಾರೂಢ ಸ್ವಲ್ಪ ಹೊತ್ತು ಯೋಚಿಸಿದ.

"ಹೌದು," ಅಂದ. ಅಷ್ಟೇ.

ಸೀದಾ ಸವಳಹಟ್ಟಿಗೆ ಹೋಗಿ ಕೆಸರು ಚುಚ್ಚೋಣ ಎಂಬುದು ತಬ್ರೇಜನ ವಾದ. ನಿಷತ ಒಪ್ಪಲಿಲ್ಲ. ಬಯಲಿಗೆ ಬಸಂತರಾಯರು ಡ್ರೋನು ಬಿಟ್ಟು ನೋಡಿಯಾಗಿತ್ತು, ಮೇಲಿನಿಂದ ಎಲ್ಲವೂ ಒಂದೇ ಕಪ್ಪು. ಮೂರು ಕಿಲೋಮೀಟರ್ ಚುಚ್ಚಲು ಮೂರು ತಿಂಗಳು ಬೇಕು. ಸಾಹೇಬನ ಮಾತಿನಲ್ಲೇ ದಾರಿ ಇರಬೇಕು, ಆದರೆ ಅವನ ಕಣ್ಣು ಎಷ್ಟು ಓರೆ ಎಂದು ಮೊದಲು ಅಳೆಯಬೇಕು. ಅದಕ್ಕೆ ಅವನು ನಡೆದ ದಾರಿಯಲ್ಲಿ, ಅವನು ಬರೆದ ಜನರ ಮರಿಮಕ್ಕಳನ್ನು ನೋಡುತ್ತ ಬರಬೇಕು. ಅದಕ್ಕಾಗಿ ಅವಳು ಎರಡು ದಿನ ಮಾತ್ರ ತೆಗೆದಿಟ್ಟಳು.

ಮಂಗಳವಾರ ಅವರು ಇಂಡಿ ತಾಲೂಕಿನ ಭೀಮೆಯ ದಂಡೆಯಲ್ಲಿದ್ದರು.

ನಿಂಬೆ ತೋಟದ ಖಾಜಾಸಾಬರನ್ನು ಹೊಳೆಗಿಳಿಯುವ ಹಳೆಯ ಘಾಟಿಗೆ ದಾರಿ ಯಾವುದೆಂದು ಕೇಳಿದರು. ಖಾಜಾಸಾಬರು ದಾರಿಯನ್ನು ತಮ್ಮ ಅಕ್ಕನ ಮದುವೆಯಿಂದ ಶುರು ಮಾಡಿದರು. ಮದುವೆ ಕಬ್ಬಿನ ಗದ್ದೆಗೆ ತಿರುಗಿತು, ಕಬ್ಬು ಒಂದು ಕೋರ್ಟು ಕೇಸಿಗೆ ಹೋಯಿತು, ಕೇಸು ಒಂದು ಎಮ್ಮೆಯ ಬಳಿ ನಿಂತು ಆಳವಾಯಿತು. ಅಲ್ಲಿಂದ ಎರಡು ತಿರುವು ತಿರುಗಿ, ಇಪ್ಪತ್ತೆರಡನೆಯ ನಿಮಿಷಕ್ಕೆ, ಯಾವ ಅವಸರವೂ ಇಲ್ಲದೆ ಅದೇ ಘಾಟಿಯ ಮೆಟ್ಟಿಲಿಗೆ ಬಂದು ಸೇರಿತು. ನಡುವೆ ಎಲ್ಲೂ ಎಳೆ ತಪ್ಪಿರಲಿಲ್ಲ. ಇಂಡಿಯ ನಿಂಬೆಯನ್ನು ಹಿಂಡಿ ಅವರು ಕೊಟ್ಟ ಶರಬತ್ತು ಅಷ್ಟರಲ್ಲಿ ಬೆಚ್ಚಗಾಗಿತ್ತು.

ಸಾಹೇಬ ಬರೆದಿದ್ದ: "ಇವರು ಒಂದು ಮಾತನ್ನು ಮೂರು ಸುತ್ತು ಸುತ್ತಿಸಿ, ತಂಪು ಮಾಡಿ, ಮರಳು ತೆಗೆದು ಕೊಡುತ್ತಾರೆ. ಸೋಮಾರಿತನ ಹುಟ್ಟುಗುಣ."

ನಿಷತ ದಂಡೆಯ ದಿನ್ನೆ ಹತ್ತಿದಳು. ಹತ್ತಿದವಳು ಅಲ್ಲೇ ನಿಂತಳು.

ಕೆಳಗೆ ಭೀಮೆ ಮಲಗಿತ್ತು. ಮಳೆಗಾಲ ಮುಗಿದ ನೀರು, ಬೆಲ್ಲದ ಬಣ್ಣ ಬಿಟ್ಟು ಹಸಿರಿಗೆ ತಿರುಗುತ್ತಿದ್ದ ನೀರು. ಅದು ಎಡಕ್ಕೆ ಹೋಗಿ, ಏನೋ ಮರೆತಂತೆ ಹೊರಳಿ, ಅರ್ಧ ಹಾದಿ ಹಿಂದಕ್ಕೆ ಬಂದು, ಮತ್ತೆ ಬಲಕ್ಕೆ ಬಾಗಿ, ಕಣ್ಣಿಗೆ ಕಾಣುವಷ್ಟು ದೂರದವರೆಗೂ ಒಂದೇ ಒಂದು ನೇರ ಗೆರೆ ಇಲ್ಲದೆ ಹರಿದಿತ್ತು. ಒಂದೊಂದು ಬಳುಕಿನ ಒಳಮಗ್ಗುಲಲ್ಲೂ ಮರಳಿನ ಹೊಸ ಹಾಸಿಗೆ. ಪೂರ್ವಕ್ಕೆ ಹೋಗಬೇಕಾದ ನೀರು ಪಶ್ಚಿಮದಿಂದಲೂ ಉತ್ತರದಿಂದಲೂ ಒಪ್ಪಿಗೆ ಪಡೆದು ಹೋಗುವಂತಿತ್ತು. ಈ ದಂಡೆಯಲ್ಲಿ ಯಾರೇ ನಡೆದರೂ ನೇರ ನಡೆಯಲಾರರು. ಹಾಗೆ ನಡೆದು ನಡೆದು ಅಭ್ಯಾಸವಾದವರ ಮಾತೂ ಅದೇ ದಾರಿ ಹಿಡಿಯುತ್ತದೆ. ಹೊಳೆಯ ಸದ್ದೂ ಇರಲಿಲ್ಲ. ಅಷ್ಟು ದೊಡ್ಡದು ಅಷ್ಟು ಸುಮ್ಮನೆ ಹೋಗುವುದನ್ನು ನೋಡಿ ತಬ್ರೇಜ ಕೂಡ ಐದು ನಿಮಿಷ ಯಾರ ಅಣಕೂ ಮಾಡಲಿಲ್ಲ.

"ಸಾಹೇಬ ಕಂಡದ್ದು ಖರೆ," ನಿಷತ ನಿಧಾನಕ್ಕೆ ಹೇಳಿದಳು. "ಕಾರಣ ಸುಳ್ಳು ಬರದಾನ. ನೆಲದ್ದು ತಂದು ರಕ್ತಕ್ಕ ಹಚ್ಯಾನ."

ಬುಧವಾರ ಸಿಂದಗಿಯ ಸುತ್ತಲಿನ ಎರೆಬಯಲು. ಅಲ್ಲಿ ಸಾಹೇಬನಿಗೆ ಕಂಡದ್ದು ಹೀಗೆ: "ಇವರ ಗಂಟಲಲ್ಲಿ ಜಗಳ ಹುಟ್ಟಿನಿಂದ ಬಂದಿದೆ. ತೋಳಿನ ಅಳತೆಯಲ್ಲಿ ನಿಂತ ತಮ್ಮನೊಡನೆಯೂ ರಾಜ್ಯದಾಚೆ ಇದ್ದವನೊಡನೆ ಕೂಗುವಂತೆ ಮಾತಾಡುತ್ತಾರೆ." ರಮಜಾನ ಎಂಬ ರೈತ ಹಿಂಗಾರಿ ಜೋಳ ಬಿತ್ತುತ್ತಿದ್ದ. ಹೊಲದ ಆ ತುದಿಯಲ್ಲಿದ್ದ ಹೆಂಡತಿಗೆ ಬೀಜದ ಚೀಲ ತರಲು ಕೂಗಿದ. ಆ ತುದಿ ಎಂದರೆ ಆಕಾಶ ಶುರುವಾಗುವ ಜಾಗ. ನಡುವೆ ಒಂದು ಮರವಿಲ್ಲ, ಗೋಡೆಯಿಲ್ಲ, ಕೂಗನ್ನು ಹಿಡಿದು ಹಿಂದಕ್ಕೆ ಕೊಡುವ ಒಂದು ಕಲ್ಲೂ ಇಲ್ಲ. ಕಪ್ಪು ನೆಲ ಒಂದೇ ಸಮನೆ ಹೋಗಿ ನೀಲಿಗೆ ತಾಗಿತ್ತು, ಅದರ ನಡುವೆ ಆ ಹೆಂಗಸು ಒಂದು ಕೆಂಪು ಚುಕ್ಕೆ. ಕೂಗು ಹೊರಟು, ಬಯಲನ್ನೆಲ್ಲ ದಾಟಿ, ಚುಕ್ಕೆಯನ್ನು ಮುಟ್ಟಿ, ಚುಕ್ಕೆ ತಲೆಯೆತ್ತಿದ್ದನ್ನು ಮೂವರೂ ಕಂಡರು. ಆಮೇಲೆ ಚಹಾಕ್ಕೆ ಎದುರುಬದುರು ಕೂತಾಗಲೂ ರಮಜಾನ ಅದೇ ದನಿಯಲ್ಲಿ ಸಕ್ಕರೆ ಕೇಳಿದ. ತಬ್ರೇಜ ಅದೇ ದನಿಯಲ್ಲಿ ಸಕ್ಕರೆ ಇಲ್ಲವೆಂದ. ರಮಜಾನನಿಗೆ ಅಣಕು ಎಂದೇ ಗೊತ್ತಾಗಲಿಲ್ಲ. ಇವನು ನಮ್ಮ ಕಡೆಯವನೇ ಎಂದು ಖುಷಿಪಟ್ಟು ಎರಡನೆಯ ಕಪ್ ಚಹಾ ಕೊಟ್ಟ.

ಎರಡು ಕಡೆಯೂ ಲೆಕ್ಕ ಒಂದೇ ಬಂತು. ಕಂಡದ್ದು ಖರೆ, ಕಾರಣ ಸುಳ್ಳು. ಈಗ ಆ ಅಳತೆಗೋಲು ಹಿಡಿದು ಸವಳಹಟ್ಟಿಗೆ ನಡೆಯಬೇಕಿತ್ತು. ಸವಳಿನದೇ ದೊಡ್ಡ ಸವಾಲು.

ಗುರುವಾರ ಮುಂಜಾನೆ ಊರ ಹೆಬ್ಬಾಗಿಲಾದ ಅಗಸಿಯ ಮುಂದೆ ನಿಂತು ನಿಷತ ಬಲಗೆನ್ನೆಯ ಒಗಟು ಹಿಡಿದಳು. ರಕ್ತದ ದೋಷವಲ್ಲ ಎಂದಾದರೆ ಏನು? ಸಿದ್ದಾರೂಢ ಅಗಸಿಯ ಕಲ್ಲು ತಟ್ಟಿ ನೋಡುತ್ತ ಇದ್ದವನು ತಿರುಗಿ ನಿಂತ. ಬಿಸಿಲಲ್ಲೇ ಕಲ್ಲು ಒಡೆದು ಬದುಕುವವನು ಅವನು, ಯಾವ ಹೊತ್ತಿನ ಬಿಸಿಲು ಯಾವ ಕಡೆ ಸುಡುತ್ತದೆ ಎಂದು ಚರ್ಮಕ್ಕೇ ಗೊತ್ತು. ಉತ್ತರಕ್ಕೆ ಮುಖ ಮಾಡಿದ. ಏಳುವ ಸೂರ್ಯನ ಬಿಸಿಲು ಅವನ ಬಲಗೆನ್ನೆಗೆ ಬಿತ್ತು.

"ಮುಂಜಾನಿ ಉತ್ತರಕ್ಕ ಹೋಗ್ಯಾರ," ಅಂದ. ದಕ್ಷಿಣಕ್ಕೆ ತಿರುಗಿದ, ಪಡುವಣದ ಕಡೆ ಬೆರಳು ಮಾಡಿದ. "ಸಂಜಿಗಿ ಹೊಳ್ಳಿ ಬಂದಾರ. ಆಗೂ ಬಲಗೆನ್ನಿ."

ಅದು ಅವನು ಆ ವಾರ ಆಡಿದ ಅತಿ ಉದ್ದನೆಯ ಭಾಷಣ.

ಊರವರ ಹಳೆಯ ಹೊಲಗಳು ನದಿಯಾಚೆ ಇದ್ದವೆಂದು ಎಲ್ಲರಿಗೂ ಗೊತ್ತಿತ್ತು. ಮುಂಜಾನೆ ಬಯಲು ದಾಟಿ ಹೊಲಕ್ಕೆ, ಸಂಜೆ ಹಿಂದಕ್ಕೆ, ದಾರಿಯಲ್ಲಿ ನೀರು. ಮೂರು ಕಿಲೋಮೀಟರಿನ ಬಯಲು ಒಂದೇ ಏಟಿಗೆ ಒಂದು ಗೆರೆಯಾಯಿತು. ಅಗಸಿಯಿಂದ ನೆಟ್ಟಗೆ ಉತ್ತರ.

ಊರಲ್ಲಿ ಇನ್ನು ಒಬ್ಬಳೇ ಉಳಿದಿದ್ದಳು ಆ ಸೆಲೆಯ ನೀರು ಕುಡಿದವಳು. ಚನ್ನವ್ವ, ಎಂಬತ್ತನಾಲ್ಕು ವರ್ಷ. ನಿಷತ ಹುಟ್ಟಿ ಬೆಳೆದ ಮನೆಯ ಪಕ್ಕದ ಮನೆ. ದಾರಿ ಕೇಳಿದರೆ ಅವಳು ಕೈಯಾಡಿಸಿದಳು. "ಹನ್ನೆರಡು ವರ್ಷದಾಕಿ ಇದ್ದಾಗ ದೊಡ್ಡ ಹೊಳಿ ಬಂದು ಎಲ್ಲಾ ಮುಚ್ಚಿತು. ಅದಕ್ಕಿಂತ ಮೊದಲು ಅವ್ವನ ಹಿಂದ ಹೊಕ್ಕಿದ್ದೆ. ಅವ್ವನ ಸೀರಿ ಸೆರಗು ನೆಪ್ಪೈತಿ, ಹಸರಂದು. ನೆಲಾ ಯಾರು ನೋಡ್ತಾರ್ ಬೇ?" ಎಂದು ಎದ್ದು, ಎಡಗಾಲೆತ್ತಿ, ಬಲಗಾಲೆಳೆದು ಒಳಗೆ ಹೋದಳು. ತೀರಿಹೋದ ಅವಳ ವಾರಿಗೆಯವರೆಲ್ಲರೂ ಆ ಊರಲ್ಲಿ ಹಾಗೇ ನಡೆಯುತ್ತಿದ್ದರು. ಸುತ್ತಲಿನವರು ಅದಕ್ಕೆ ಸವಳಹಟ್ಟಿ ಮೊಣಕಾಲು ಎಂದು ಹೆಸರಿಟ್ಟು ನಗುತ್ತಿದ್ದರು. ಉಪ್ಪುನೀರಿನ ರೋಗವೆಂದು ಡಾಕ್ಟರೂ ಹೇಳಿದ್ದರು, ನಿಷತ ತಾನೇ ಪಾಠದಲ್ಲಿ ಉದಾಹರಣೆ ಕೊಟ್ಟಿದ್ದಳು. ಮದುವೆಮನೆಗಳಲ್ಲಿ ತಬ್ರೇಜನ ಹೆಸರುವಾಸಿ ಅಣಕೂ ಅದೇ.

ಶುಕ್ರವಾರ ಕೆಸರಿಗೆ ಇಳಿದರು.

ಸೊಂಟಕ್ಕೆ ಹಗ್ಗ. ಮುಂದೆ ಸಿದ್ದಾರೂಢ, ಕೈಯಲ್ಲಿ ಆರಡಿಯ ಕಬ್ಬಿಣದ ಹಾರೆ. ಅರವತ್ತನೆಯ ಹೆಜ್ಜೆಯಲ್ಲಿ ಹಾರೆ ಟಣ್ ಎಂದಿತು. ಕೆಸರಿನ ಒಂದು ಗೇಣು ಕೆಳಗೆ ಕಲ್ಲು. ಕೈಯಾಡಿಸಿ ನೋಡಿದ, ಉಳಿ ಬಿದ್ದ ಕಲ್ಲು, ಮನುಷ್ಯ ಇಟ್ಟದ್ದು. ಈ ವರ್ಷದ ಪ್ರವಾಹ ಎಪ್ಪತ್ತು ವರ್ಷದ ಹೂಳನ್ನು ಕೆರೆದು ಒಯ್ದಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಲ್ಲಿಂದ ಮುಂದೆ ಏನೂ ಇಲ್ಲ.

ಮುಂದಕ್ಕೆ ಚುಚ್ಚಿದ. ಹಾರೆ ಪೂರ್ತಿ ಮುಳುಗಿತು. ಎಡಕ್ಕೆ, ಮುಳುಗಿತು. ಒಂದು ಮಾರು ಬಲಕ್ಕೆ ಏನೋ ತಾಗಿತು, ಜಾರಿತು. ಮಧ್ಯಾಹ್ನದವರೆಗೆ ನೂರು ಸಲ ಚುಚ್ಚಿದರೂ ಎರಡನೆಯ ಕಲ್ಲು ಕೈಗೆ ಬರಲಿಲ್ಲ. ನಿಷತಳಿಗೆ ತಾಳ್ಮೆ ತಪ್ಪಿತು. ನೆಟ್ಟಗೆ ಉತ್ತರ ಎಂದ ಮೇಲೆ ನೆಟ್ಟಗೇ ಇರಬೇಕೆಂದು ದೊಡ್ಡ ಹೆಜ್ಜೆ ಇಟ್ಟಳು.

ನೆಲ ಬಾಯಿ ತೆರೆಯಿತು.

ಮೊಣಕಾಲು. ತೊಡೆ. ಸೊಂಟ.

ಕಾಲಿನ ಕೆಳಗೆ ಏನೂ ಇರಲಿಲ್ಲ. ಕೆಸರು ತಣ್ಣಗೆ, ಸುಮ್ಮನೆ, ಎರಡೂ ಕೈಯಿಂದ ಎಳೆಯುವಂತೆ ಎಳೆಯಿತು. ಅಲುಗಿದಷ್ಟೂ ಇಳಿಯಿತು.

"ಅಲುಗಬ್ಯಾಡ್ರಿ," ಸಿದ್ದಾರೂಢ ಕಲ್ಲಿನ ಮೇಲೆ ಅಡ್ಡ ಮಲಗಿ ಹಗ್ಗ ಬಿಗಿ ಹಿಡಿದ. ತಬ್ರೇಜ ಅವನ ಕಾಲು ಹಿಡಿದ. ಎಳೆದರು. ಬರಲಿಲ್ಲ. ಹಾರೆಯನ್ನು ಅವಳ ಎದೆಗೆ ಅಡ್ಡ ಕೊಟ್ಟು ಮತ್ತೆ ಎಳೆದರು. ಹದಿನೈದು ನಿಮಿಷಕ್ಕೆ ನೆಲ ಅವಳನ್ನು ಉಗುಳಿತು, ಚಪ್ಪಲಿ ಇಟ್ಟುಕೊಂಡಿತು. ಕಾಲಿನ ಗೀರುಗಳಿಗೆ ಉಪ್ಪು ಬೆಂಕಿ ಹಚ್ಚಿತ್ತು. ಅವಳು ಅತ್ತದ್ದು ಅದಕ್ಕಲ್ಲ. ಇನ್ನು ಒಂದೇ ದಿನ ಉಳಿದಿತ್ತು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಅವರು ಮತ್ತೆ ಅದೇ ಕಲ್ಲಿನ ಮೇಲೆ ನಿಂತಿದ್ದಾಗ ದಂಡೆಯ ಮೇಲೆ ಚನ್ನವ್ವ ಕಂಡಳು. ವಿಜಯಪುರದ ಕಡೆ ಜೋರು ಮಳೆಯಾಗಿದೆ, ಮಧ್ಯಾಹ್ನದ ಹೊತ್ತಿಗೆ ಹೊಳೆ ಬರುತ್ತದೆಂದು ಮೇಲಿನ ಊರಿನಿಂದ ಫೋನು ಬಂದಿತ್ತಂತೆ. ಅದನ್ನು ಹೇಳಲು ಬಂದಿದ್ದಳು. ಹೇಳಿ, ಹಿಂದೆ ತಿರುಗಿ, ದಂಡೆಯ ಗಟ್ಟಿನೆಲದ ಮೇಲೆ ತನ್ನದೇ ನಡಿಗೆಯಲ್ಲಿ ಹೊರಟಳು. ಎಡಮೊಣಕಾಲು ಎತ್ತರ, ಬಲಗಾಲು ಎಳೆತ, ಎಡ ಎತ್ತರ, ಮೈ ಅಡ್ಡ.

ನಿಷತಳ ಮುಖ ನೋಡಲಾರದೆ, ಅವಳನ್ನು ಒಂದಿಷ್ಟು ನಗಿಸೋಣವೆಂದು ತಬ್ರೇಜ ಕಲ್ಲಿನ ಮೇಲೆ ನಿಂತಲ್ಲೇ ಅಣಕು ಶುರು ಮಾಡಿದ. ಸೊಂಟಕ್ಕೆ ಕೈ. ಎಡಮೊಣಕಾಲು ಎದೆಯವರೆಗೆ. ಅಣಕಿನ ಭರದಲ್ಲಿ ತಾನು ಎಲ್ಲಿ ನಿಂತಿದ್ದೇನೆಂದು ಮರೆತ, ಕಾಲು ಮುಂದಕ್ಕೆ ಇಟ್ಟೇ ಬಿಟ್ಟ.

ಮುಳುಗಲಿಲ್ಲ.

ಅವನು ಹಾಗೇ ನಿಂತ. ಎಡಗಾಲು ಕೆಸರಿನೊಳಗೆ, ನಿನ್ನೆ ನೂರು ಸಲ ಚುಚ್ಚಿದ ಹಾರೆಗೆ ತಪ್ಪಿದ್ದ, ಗೇಣಗಲದ ಒಂದು ಎತ್ತರದ ಕಲ್ಲಿನ ಮೇಲೆ, ಗಟ್ಟಿಯಾಗಿ. ಮುಖದಲ್ಲಿ ಯಾರ ಅಣಕೂ ಇರಲಿಲ್ಲ. ಬಹಳ ವರ್ಷದ ಮೇಲೆ ಅದು ಅವನದೇ ಮುಖವಾಗಿತ್ತು.

"ಆಪಾ," ಎಂದು ಅಕ್ಕನನ್ನು ಕರೆದ. "ಇಲ್ಲಿ ಐತಿ."

ಬಲಗಾಲು ಎಳೆದ. ತಗ್ಗಿನಲ್ಲಿ ಒಂದು ಚಪ್ಪಡಿ, ಎತ್ತಿ ಇಟ್ಟಿದ್ದರೆ ತಪ್ಪುತ್ತಿತ್ತು, ಎಳೆದಿದ್ದಕ್ಕೆ ಸಿಕ್ಕಿತು. ಎಡಗಾಲು ಮತ್ತೆ ಎತ್ತರಕ್ಕೆ. ಆಮೇಲೆ ಮೈ ಅಡ್ಡ ತಿರುಗಿಸಿದ: ಅಲ್ಲಿನ ಕಲ್ಲು ಪಾದದಷ್ಟೇ ಅಗಲ, ಅಡ್ಡವಾಗಿಟ್ಟ ಪಾದಕ್ಕೆ ಮಾತ್ರ ಜಾಗ. ಎತ್ತರ, ಎಳೆತ, ಎತ್ತರ, ಅಡ್ಡ.

ನಿಷತ ಆ ಕಾಲುಗಳನ್ನೇ ನೋಡಿದಳು. ಕುಂಟಲ್ಲ. ರೋಗವಲ್ಲ. ಈ ಕೆಸರಿನ ಕೆಳಗೆ ಮಲಗಿದ ಕಲ್ಲುಗಳ ಸಾಲು ಒಂದು ಊರಿನ ಕಾಲಿಗೆ ಹತ್ತಿತ್ತು. ಕಲ್ಲು ಮುಚ್ಚಿದ ಮೇಲೂ ಎಪ್ಪತ್ತು ವರ್ಷ ಮುದುಕಿಯರು ಸಿಮೆಂಟ್ ರಸ್ತೆಯ ಮೇಲೆ, ಬಸ್ ನಿಲ್ದಾಣದಲ್ಲಿ, ಅಂಗಡಿಯ ಮುಂದೆ ಅದೇ ದಾರಿಯನ್ನು ನಡೆದಿದ್ದರು. ಎಲ್ಲರೂ ನಕ್ಕಿದ್ದರು. ನಗುತ್ತ ನಗುತ್ತಲೇ ಒಬ್ಬ ಅದನ್ನು ಹೆಜ್ಜೆ ಬಿಡದೆ ಕಲಿತಿದ್ದ.

ತಬ್ರೇಜ ಮುಂದೆ, ನಿಷತ ನಡುವೆ, ಸಿದ್ದಾರೂಢ ಹಿಂದೆ. ಮೂರು ಕೊಕ್ಕರೆಗಳು ಬಯಲಿನ ನಡುವೆ ಹೊರಟವು. ಸುತ್ತ ಕಪ್ಪು ಕೆಸರು ಬಿಸಿಲಿಗೆ ಕನ್ನಡಿಯಾಗಿ ಆಕಾಶವನ್ನೇ ಹಿಡಿದಿತ್ತು, ಮೋಡದ ಮೇಲೆ ಕಾಲಿಟ್ಟು ನಡೆದಂತೆ. ಅಲ್ಲಲ್ಲಿ ಉಪ್ಪು ಒಣಗಿ ಬಿಳಿ ಹೂವಿನಂತೆ ಅರಳಿತ್ತು. ಹಿಂದೆ ಊರು ಅಂಗೈಯಷ್ಟಾಯಿತು, ಆಮೇಲೆ ಬೆರಳಷ್ಟು. ಗಾಳಿ ಬಿಟ್ಟರೆ ಯಾವ ಸದ್ದೂ ಇಲ್ಲ. ತಬ್ರೇಜ ಯೋಚಿಸಿದಾಗಲೆಲ್ಲ ಕಾಲು ತಡವರಿಸುತ್ತಿತ್ತು, ಚನ್ನವ್ವನನ್ನು ನೆನೆಸಿಕೊಂಡರೆ ಸರಿಯಾಗುತ್ತಿತ್ತು.

ಹನ್ನೆರಡೂವರೆಗೆ ಕಲ್ಲುಗಳು ಒಂದು ದೊಡ್ಡ ಹಾಸುಗಲ್ಲಿಗೆ ಬಂದು ಸೇರಿದವು.

ಸಿದ್ದಾರೂಢ ಮಂಡಿಯೂರಿ ಕೈಯಿಂದಲೇ ಕೆಸರು ಬಳಿದ. ನಾಲ್ಕು ಕಲ್ಲಿನ ಒಂದು ಚೌಕ ಕಂಡಿತು, ಒಂದು ಕಲ್ಲು ಒಳಗೆ ಕುಸಿದಿತ್ತು. ಹಾರೆ ಹಾಕಿ ಅದನ್ನು ಮೀಟಿದ. ಒಳಗೆ ಕಪ್ಪು ಗಂಜಿ. ಬಕೆಟ್ಟಿನಿಂದ ಹತ್ತು ಸಲ, ಇಪ್ಪತ್ತು ಸಲ ಎತ್ತಿ ಚೆಲ್ಲಿದರು. ಮೂವತ್ತನೆಯ ಸಲಕ್ಕೆ ತಳದಲ್ಲಿ ಏನೋ ಅಲುಗಿತು. ಬಂಡೆಯ ಬಿರುಕಿನಿಂದ ಒಂದು ಎಳೆ, ಬೆರಳಿನಷ್ಟು ದಪ್ಪ, ಕೆಸರನ್ನು ಪಕ್ಕಕ್ಕೆ ಸರಿಸಿ ಮೇಲೆ ಬಂತು. ಅದರ ಸುತ್ತ ನೀರು ತಿಳಿಯಾಗುತ್ತ, ತಿಳಿಯಾಗುತ್ತ, ಕೊನೆಗೆ ಅಲ್ಲಿ ನೀರಿದೆಯೋ ಇಲ್ಲವೋ ಎಂಬಂತಾಯಿತು.

ತಬ್ರೇಜ ಬೊಗಸೆಯಲ್ಲಿ ಎತ್ತಿ ಕುಡಿದು ಹುಬ್ಬು ಗಂಟು ಹಾಕಿದ. ರುಚಿಯೇ ಇಲ್ಲವೆಂದ. ನಿಷತ ಕುಡಿದಳು. ಬೋರಿನ ನೀರು ಕುಡಿದೇ ಬೆಳೆದ ನಾಲಿಗೆಗೆ ಉಪ್ಪಿಲ್ಲದ್ದು ಸಪ್ಪೆ ಅನ್ನಿಸಿತು. ಆ ಸಪ್ಪೆಗೇ ಸಿಹಿ ಎನ್ನುತ್ತಾರೆಂದು ಹೊಳೆದಾಗ ಮೂವರೂ ಹುಚ್ಚರಂತೆ ನಕ್ಕರು.

ಸಿದ್ದಾರೂಢ ಮೊದಲು ನಗು ನಿಲ್ಲಿಸಿದ. ಹಾಸುಗಲ್ಲಿನ ಅಂಚನ್ನು ಒರೆಸುತ್ತಿದ್ದವನು ಕೈ ಹಿಂದಕ್ಕೆ ತೆಗೆದ. ಚೌಕದ ಮುಂದೆ, ನೀರಿಗೆ ಬಾಗುವ ಜಾಗದಲ್ಲಿ, ಕಲ್ಲಿನಲ್ಲಿ ಎರಡು ಕುಳಿಗಳಿದ್ದವು. ಉಳಿಯ ಗುರುತಿಲ್ಲ. ನಯವಾಗಿ, ಬಟ್ಟಲಿನಂತೆ ಸವೆದಿದ್ದವು.

"ಇದು ಕಡದದ್ದಲ್ಲ," ಅಂದ. "ಮೊಣಕಾಲು."

ನಿಷತ ಅವುಗಳಲ್ಲಿ ಮಂಡಿಯೂರಿದಳು. ಸರಿಯಾಗಿ ಕೂತವು. ಎಷ್ಟು ನೂರು ವರ್ಷ, ಎಷ್ಟು ಸಾವಿರ ಹೆಂಗಸರು ಇಲ್ಲಿ ಬಾಗಿರಬೇಕು, ಕರಿಕಲ್ಲು ಇಷ್ಟು ಸವೆಯಲು. ನೆಲ ಜನರಿಗೆ ಹತ್ತುತ್ತದೆ ಎಂದಷ್ಟೇ ಅವಳು ಈ ವಾರವೆಲ್ಲ ಓದಿಕೊಂಡು ಬಂದಿದ್ದಳು. ಜನರೂ ನೆಲಕ್ಕೆ ಹತ್ತುತ್ತಾರೆಂದು ಸಾಹೇಬನ ಯಾವ ಪುಟದಲ್ಲೂ ಇರಲಿಲ್ಲ. ಅವನು ಬಂದು ನೋಡಿರಲಿಲ್ಲವಲ್ಲ. ಅವಳು ಬಾಟಲಿ ತುಂಬಿ ಮುಚ್ಚಳ ಬಿಗಿದಳು.

ಆಗ ಗಾಳಿಯ ವಾಸನೆ ಬದಲಾಯಿತು.

ಪಡುವಣದಲ್ಲಿ ಬಯಲಿನ ಅಂಚು ಹೊಳೆಯುತ್ತಿತ್ತು. ಹೊಳೆಯುತ್ತಿದ್ದದ್ದು ಹೊಳೆ.

ಬಾಟಲಿ ಎದೆಗೆ ಕಟ್ಟಿಕೊಂಡಳು. ಹಗ್ಗ ಬಿಗಿ ಮಾಡಿದರು. ಹೊರಟರು.

ಅರ್ಧ ದಾರಿಗೆ ನೀರು ಕಾಲಿಗೆ ತಾಗಿತು. ತೆಳುವಾಗಿ, ಕಂದಾಗಿ, ಕಸ ಹೊತ್ತು. ಮುಂದಿನ ಹೆಜ್ಜೆಗೆ ಮೀನಖಂಡ. ಕೆಸರೂ ಕಾಣದು, ತಾವು ಬಂದ ಗುರುತೂ ಕಾಣದು.

"ಕೆಳಗ ನೋಡಬ್ಯಾಡ್ರಿ," ತಬ್ರೇಜ ಹಿಂದೆ ತಿರುಗದೆ ಹೇಳಿದ. "ನನ್ನ ಬೆನ್ನು ನೋಡ್ರಿ."

ಎತ್ತರ. ಎಳೆತ. ಎತ್ತರ. ಅಡ್ಡ.

ಮೊಣಕಾಲಿನವರೆಗೆ ನೀರು. ಸೆಳೆತ ಪಕ್ಕಕ್ಕೆ ನೂಕಿತು. ಒಂದು ಜಾಲಿಯ ಕೊಂಬೆ ಬಂದು ನಿಷತಳ ತೊಡೆಗೆ ಬಡಿಯಿತು. ಅವಳು ನಿಲ್ಲಲಿಲ್ಲ. ಮುಂದಿನ ಬೆನ್ನು ಎಡಕ್ಕೆ ಏರಿದಾಗ ಏರಿದಳು, ತಿರುಗಿದಾಗ ತಿರುಗಿದಳು.

ಹಿಂದೆ ಸಿದ್ದಾರೂಢ ಜಾರಿದ. ಹಗ್ಗ ಸೊಂಟವನ್ನು ಕೊಯ್ದಿತು. ಇಬ್ಬರೂ ಕಲ್ಲಿನ ಮೇಲೆ ಊರಿ ನಿಂತರು, ಅವನು ಹಾರೆ ಕೈಬಿಟ್ಟು ಹಗ್ಗ ಹಿಡಿದು ಮೇಲೆ ಬಂದ. ತಂದೆಯ ಕಾಲದ ಹಾರೆ. ಅದು ಹೋದ ಕಡೆ ಅವನು ತಿರುಗಿಯೂ ನೋಡಲಿಲ್ಲ.

ಎತ್ತರ. ಎಳೆತ.

ಕೊನೆಯ ಅರವತ್ತು ಹೆಜ್ಜೆಗೆ ಕಲ್ಲಿರಲಿಲ್ಲ, ಸೊಂಟದ ನೀರು ಮಾತ್ರ. ಊರವರು ದಂಡೆಯಿಂದ ಎಸೆದ ಹಗ್ಗ ಹಿಡಿದು ಒಬ್ಬೊಬ್ಬರೇ ದಡಕ್ಕೆ ಬಿದ್ದರು. ಹಿಂದೆ ತಿರುಗಿ ನೋಡಿದಾಗ ಬಯಲು ಇರಲಿಲ್ಲ. ಉತ್ತರದವರೆಗೂ ಒಂದೇ ನದಿ.

ಐದಕ್ಕೆ ಹತ್ತು ನಿಮಿಷವಿದ್ದಾಗ, ಫೋನು ಮಾಡಿ ಕರೆಸಿದ್ದ ಬಸಂತರಾಯರು ಅಗಸಿಯ ಮುಂದೆ ಜೀಪಿನಿಂದಿಳಿದರು. ಅವರ ಜೇಬಿನಲ್ಲಿ ನೀರಿನ ಉಪ್ಪು ಅಳೆಯುವ ಪೆನ್ನಿನಂಥ ಒಂದು ಯಂತ್ರ. ಮೊದಲು ಊರ ಬೋರಿನ ನೀರಿಗೆ ಅದ್ದಿದರು: ಮೂರು ಸಾವಿರದ ನಾನೂರು. ನಿಷತಳ ಬಾಟಲಿಗೆ ಅದ್ದಿದರು. ಮುನ್ನೂರಹತ್ತು. ಪೆನ್ನನ್ನು ಝಾಡಿಸಿ, ಒರೆಸಿ, ಮತ್ತೆ ಅದ್ದಿದರು. ಮುನ್ನೂರಹತ್ತು. ಅವರು ಜೀಪಿನ ಬಾನೆಟ್ಟಿನ ಮೇಲೆ ನಕ್ಷೆ ಬಿಚ್ಚಿ, ಹೂಳು ಸುರಿಯುವ ಚೌಕಕ್ಕೆ ಕಾಟು ಹೊಡೆದು, ಎರಡು ಕಿಲೋಮೀಟರ್ ಮೂಡಣಕ್ಕೆ ಹೊಸ ಚೌಕ ಬರೆದು ಸಹಿ ಹಾಕಿದರು.

ಹೊಳೆ ಇಳಿಯಲು ಎಂಟು ದಿನ ಬೇಕಾಯಿತು. ಒಂಬತ್ತನೆಯ ಮುಂಜಾನೆ ಜಾಗ ಕಣ್ಣಾರೆ ನೋಡಬೇಕೆಂದು ಬಸಂತರಾಯರು ಬಂದರು. ಮುಂದೆ ತಬ್ರೇಜ, ಹಿಂದೆ ಹೊಟ್ಟೆಯ ಮೇಲೆ ಒಂದು ಕೈಯಿಟ್ಟುಕೊಂಡ ಎಂಜಿನಿಯರ್ ಸಾಹೇಬರು, ಅವರ ಹಿಂದೆ ಹಗ್ಗ ಹಿಡಿದು ಕೊಡ ಹೊತ್ತ ಊರ ಹೆಂಗಸರು, ಗಂಡಸರು. ಯಾರೂ ನಗಲಿಲ್ಲ. ಏಳುವ ಸೂರ್ಯ ಎಲ್ಲರ ಬಲಗೆನ್ನೆಯ ಮೇಲಿದ್ದ. ಐವತ್ತು ಮೈಗಳು ಏರಿ, ಇಳಿದು, ಏರಿ, ಅಡ್ಡ ತಿರುಗುತ್ತ ಹೋಗುವುದನ್ನು ನಿಷತ ದಂಡೆಯಿಂದ ನೋಡಿದಳು. ಕೆಸರಿನ ಕೆಳಗಿನ ಒಂದೊಂದು ಕಲ್ಲೂ ಅವರ ಮೈಮೇಲೆ ಕಾಣುತ್ತಿತ್ತು.

ಪಕ್ಕದಲ್ಲಿ ಚನ್ನವ್ವ ಒಂದು ಕಲ್ಲ ಮೇಲೆ ಕೂತಿದ್ದಳು. ಹೋಗೋಣ ಬಾ ಎಂದು ನಿಷತ ಕೈ ನೀಡಿದಳು. ಅದು ಅವಳದೇ ದಾರಿ, ಅವಳ ಕಾಲಿಗೆ ಏನೂ ಆಗಿಲ್ಲ, ಅದು ರೋಗವಲ್ಲ, ನಡಿಗೆ ಎಂದು ಈ ಎಂಟು ದಿನದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದನ್ನು ಅವಳಿಗೂ ಹೇಳಿದಳು.

ಚನ್ನವ್ವ ಎಲ್ಲವನ್ನೂ ಕೇಳಿಸಿಕೊಂಡಳು.

"ಅದೆಲ್ಲಾ ಖರೆ ಇರಬಹುದು ಬೇ," ಅಂದಳು. "ಆದ್ರ ನನ್ನ ಮೊಣಕಾಲು ನೋಯ್ತಾವ."

ನಿಷತ ಅವಳ ಪಕ್ಕ ಕೂತಳು. ಎಂದಿನಿಂದ ಎಂದು ಕೇಳಿದಳು. ಹತ್ತು ವರ್ಷವಾಯಿತಂತೆ, ಬಲಗಾಲು ಹೆಚ್ಚು, ಮೆಟ್ಟಿಲು ಇಳಿಯುವಾಗ ಜೀವ ಹೋಗುತ್ತದಂತೆ. ಪಕ್ಕದ ಮನೆಗೆ ಬಂದು ಹೋಗುತ್ತಿದ್ದರೂ ತಾನು ಇದನ್ನು ಒಮ್ಮೆಯೂ ಕೇಳಿರಲಿಲ್ಲ. ಅವಳು ಒಬ್ಬಳೇ ಸಾಲಿನ ಹಿಂದೆ ಹೋಗಿ, ಒಂದು ತಂಬಿಗೆ ನೀರು ತಂದಳು.

ಚನ್ನವ್ವ ಅರ್ಧ ಕುಡಿದಳು. ಕೊನೆಯ ಗುಟುಕನ್ನು ಬಾಯೊಳಗೆ ಆಡಿಸಿ ನುಂಗಿದಳು. ಆಮೇಲೆ ಸೀರೆಯನ್ನು ಸ್ವಲ್ಪ ಮೇಲೆತ್ತಿ, ಉಳಿದರ್ಧವನ್ನು ಎರಡೂ ಮೊಣಕಾಲಿನ ಮೇಲೆ ಸುರಿದುಕೊಂಡಳು. ತಂಪು ಇಳಿಯುವುದನ್ನು ನೋಡುತ್ತ, ಖಾಲಿ ತಂಬಿಗೆಯನ್ನು ನಿಷತಳ ಕೈಗೆ ಕೊಟ್ಟಳು.

"ನಾಳಿಗೂ ಒಂದು ತಾ," ಅಂದಳು.